ಕಳೆದ ಮೂಗುಬಟ್ಟು, ಕಟ್ಟಿಟ್ಟ ಮುಡಿಪು: ಸಿಗದಿದ್ದರೆ ಹರಕೆ ಏನಾಗುತ್ತೆ?

ಹನುಮಂತನಗರದವಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ಅಮ್ಮನಿಗೆ 78. ಮದುವೆಯಲ್ಲಿ ಅಜ್ಜಿ ಹಾಕಿದ ಏಳು ಕಲ್ಲಿನ ವಜ್ರದ ಮೂಗುಬಟ್ಟು ಅವರ ಮೂಗಿನಿಂದ ಇಳಿದದ್ದನ್ನು ನಾನು ನೋಡಿದ್ದೇ ಕಡಿಮೆ. ಅಪ್ಪ ಹೋದಾಗಲೂ ಯಾರ ಮಾತೂ ಕೇಳದೆ ಇಟ್ಟುಕೊಂಡವರು. ದೀಪಾವಳಿಗೆ ಮುಂಚೆ ಸೊಂಟದ ನೋವಿಗೆ ಎಂಆರ್‌ಐ ಮಾಡಿಸಬೇಕಾಯಿತು. ಮೈಮೇಲೆ ಲೋಹ ಅನ್ನೋದು ಒಂದು ಚೂರೂ ಇರಬಾರದು ಅಂದರು. ಬಳೆ, ಸರ, ಓಲೆ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟರು, ಮೂಗುಬಟ್ಟು ಮಾತ್ರ ಕೊಡಲಿಲ್ಲ. ತಾವೇ ತಿರುಪು ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿದರು. ಆಮೇಲೆ ಅಲ್ಲಿಯ ಗೌನು ತೊಡಿಸಿ, ಸೀರೆ ಮಡಿಸಿ ಚೀಲಕ್ಕೆ ಹಾಕಿದ್ದು. ಮನೆಗೆ ಬರುವಷ್ಟರಲ್ಲಿ ಸುಸ್ತಾಗಿ ಮಲಗಿಬಿಟ್ಟರು. ಸೀರೆ ಬಚ್ಚಲಿಗೆ ಹೋಯಿತು. ಬೆಳಗ್ಗೆ ಕೆಲಸದಾಕೆ ಒಗೆದು ಹರವಿದ ಮೇಲೆ ಅಮ್ಮನಿಗೆ ನೆನಪಾಗಿದ್ದು. ಗಂಟು ಬಿಚ್ಚಿಕೊಂಡಿತ್ತು.

ಅವತ್ತಿನಿಂದ ಅಮ್ಮ ಸಂಜೆ ದೀಪ ಹಚ್ಚಿದ ಮೇಲೆ ಕಾರ್ತವೀರ್ಯಾರ್ಜುನನ ಶ್ಲೋಕ ಹೇಳುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಕಟ್ಟಿ ತಿರುಪತಿ ತಿಮ್ಮಪ್ಪನಿಗೆ ಮುಡಿಪು ಇಟ್ಟಿದ್ದಾರೆ. ಮೂಗಿನ ತೂತು ಮುಚ್ಚಿಹೋಗಬಾರದು ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾರೆ. ಗಾಂಧಿಬಜಾರಿನಲ್ಲಿ ಹೊಸದು ಕೊಡಿಸ್ತೀನಿ ಅಂದರೆ "ಇರೋದಕ್ಕೆ ಮತ್ತೊಂದು ಯಾಕೆ?" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಇದೆ, ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಶಿವರಾತ್ರಿಯೂ ಕಳೆಯಿತು.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದಾಕೆ ಮಳವಳ್ಳಿ ಕಡೆಯವಳು, ವರ್ಷಗಟ್ಟಲೆ ನಮ್ಮಲ್ಲಿದ್ದವಳು. ಅಮ್ಮ ಆಕೆಯನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆಕೆ ಗುಡಿಸುವಾಗ ಹಿಂದೆ ಹಿಂದೆ ನಡೆದರು. ದೇವರ ಮನೆಗೆ ಬೀಗ ಬಂತು. ಒಂದು ದಿನ ಆಕೆ ಪೊರಕೆ ಮೂಲೆಗಿಟ್ಟು, "ಮಾದಪ್ಪನಾಣೆ ಅಮ್ಮ, ನಾನ್ ಕಂಡಿಲ್ಲ" ಅಂದು ಹೋದವಳು ಮತ್ತೆ ಬರಲಿಲ್ಲ. ಈಗ ಪಕ್ಕದ ಮನೆಯವರು ಮಾಗಡಿ ಕಡೆ ಯಾರೋ ಅಂಜನ ಹಾಕಿ ಕಳ್ಳರ ಮುಖ ತೋರಿಸ್ತಾರೆ, ಹೋಗಿ ಬನ್ನಿ ಅಂತ ಅಮ್ಮನ ತಲೆಗೆ ತುಂಬುತ್ತಿದ್ದಾರೆ. ನಾನು ಕರೆದುಕೊಂಡು ಹೋಗಲ್ಲ ಅಂದಿದ್ದೇನೆ.

ತಿಳಿದವರು ಹೇಳಿ. ಆ ಶ್ಲೋಕ ಎಲ್ಲಿಯವರೆಗೆ ಹೇಳಬೇಕು? ವಸ್ತು ಸಿಗದಿದ್ದರೆ ಮುಡಿಪನ್ನು ಏನು ಮಾಡಬೇಕು? "ಇನ್ನು ಸಾಕು, ಬಿಡಮ್ಮ" ಅನ್ನೋದಕ್ಕೆ ನನಗೆ ಬಾಯಿ ಬರುತ್ತಿಲ್ಲ. ಅನ್ನಬೇಕೋ ಬೇಡವೋ ಅದೂ ಗೊತ್ತಿಲ್ಲ.

ವಿದ್ಯಾಪೀಠದ ಹಳಬ:

ತಾಯಿ, ಮೊದಲು ಶ್ಲೋಕದ ವಿಷಯ.

ಕಾರ್ತವೀರ್ಯಾರ್ಜುನೋ ನಾಮ ರಾಜಾ ಬಾಹುಸಹಸ್ರವಾನ್ ।
ತಸ್ಯ ಸ್ಮರಣಮಾತ್ರೇಣ ಗತಂ ನಷ್ಟಂ ಚ ಲಭ್ಯತೇ ॥

ಸ್ಮರಣಮಾತ್ರೇಣ, ಅಂದರೆ ನೆನೆದಷ್ಟಕ್ಕೇ ಕಳೆದದ್ದು ಸಿಗುತ್ತದೆ ಅಂತಲೇ ಇದೆ ನೋಡಿ. ಮಂಡಲ, ಜಪಸಂಖ್ಯೆ ಇವೆಲ್ಲ ಅನುಷ್ಠಾನಕ್ಕೆ ಕೂತವರಿಗೆ. ದೀಪದ ಮುಂದೆ ಒಂದು ಸಲ ನೆನೆಯುವುದಕ್ಕೆ ಗಡುವು ಯಾರು ಹಾಕಬೇಕು? ಹೇಳಿಕೊಳ್ಳಲಿ ಬಿಡಿ.

ಈ ಕಾರ್ತವೀರ್ಯ ನರ್ಮದೆಯ ದಡದ ಮಾಹಿಷ್ಮತಿಯ ದೊರೆ, ದತ್ತಾತ್ರೇಯನನ್ನು ಸೇವಿಸಿ ಸಾವಿರ ತೋಳು ಪಡೆದವನು. ಅವನ ರಾಜ್ಯದಲ್ಲಿ ಯಾರ ವಸ್ತುವೂ ಕಳೆಯುತ್ತಿರಲಿಲ್ಲ ಅಂತ ವಿಷ್ಣುಪುರಾಣ ಹೇಳುತ್ತದೆ. ಅಂಥವನು ಕೊನೆಗೆ ಜಮದಗ್ನಿಯ ಆಶ್ರಮದಿಂದ ಹಸು ಎಳೆದುಕೊಂಡು ಹೋಗಿ ಪರಶುರಾಮನ ಕೊಡಲಿಗೆ ಸಿಕ್ಕಿದ. ಇದು ಕೇಳಿದ್ದಕ್ಕೆ ಉತ್ತರವಲ್ಲ, ನೆನಪಾಯಿತು ಹೇಳಿದೆ.

ಮುಡಿಪು: ನಮ್ಮ ಮನೆಯ ರೂಢಿ ಹೇಳುತ್ತೇನೆ. ಕಟ್ಟಿದ ಮೇಲೆ ಆ ಕಾಸು ಮನೆಯದಲ್ಲ. ಕೆಲಸ ಆಗಲಿ ಬಿಡಲಿ, ಬೆಟ್ಟಕ್ಕೆ ಹೋಗುವವರು ಯಾರಾದರೂ ಸಿಕ್ಕಿದಾಗ ಹುಂಡಿಗೆ ಹಾಕಿಸುತ್ತೇವೆ. "ಸಿಗಲಿಲ್ಲ, ಆದ್ದರಿಂದ ವಾಪಸ್ಸು" ಅನ್ನುವ ವ್ಯವಹಾರ ತಿಮ್ಮಪ್ಪನ ಹತ್ತಿರ ನಡೆಯುವುದಿಲ್ಲ.

ಅಂಜನದ ಸಹವಾಸ ಖಂಡಿತ ಬೇಡ. ವೀಳ್ಯದೆಲೆಯ ಮೇಲಿನ ಕಪ್ಪಿನಲ್ಲಿ ಕಾಣುವುದು ಹೋದವರ ಮನಸ್ಸಿನಲ್ಲಿ ಮೊದಲೇ ಇದ್ದ ಮುಖ. ನಿಮ್ಮ ತಾಯಿಯವರಿಗೆ ಯಾವ ಮುಖ ಕಾಣುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅವರಿಗೆ ಒಮ್ಮೆ ಸ್ಯಮಂತಕದ ಕಥೆ ನೆನಪಿಸಿ. ಚೌತಿಯ ಚಂದ್ರನನ್ನು ನೋಡಿದ ದೋಷಕ್ಕೆ ಹೇಳುವ ಕಥೆ ಅಂತ ಮುಗಿಸಿಬಿಡುತ್ತೇವೆ. ಭಾಗವತದ ದಶಮಸ್ಕಂಧದಲ್ಲಿ ಪೂರ್ತಿ ಓದಬೇಕು. ಸತ್ರಾಜಿತನ ಮಣಿ ಕಳೆಯಿತು, ಅದನ್ನು ಧರಿಸಿ ಬೇಟೆಗೆ ಹೋದ ತಮ್ಮ ಪ್ರಸೇನನೂ ಬರಲಿಲ್ಲ. ಯಾರನ್ನು ಅನುಮಾನಿಸಿದರು? ಕೃಷ್ಣನನ್ನು. ಹಿಂದೊಮ್ಮೆ ಅರಸನಿಗೆ ಕೊಡಯ್ಯ ಅಂತ ಆ ಮಣಿಯನ್ನು ಕೇಳಿದ್ದ, ಅಷ್ಟು ಸಾಕಾಯಿತು. ಊರೆಲ್ಲ ಕಿವಿಯಿಂದ ಕಿವಿಗೆ. ಸಾಕ್ಷಾತ್ ಭಗವಂತನೇ ಹೆಜ್ಜೆಗುರುತು ಹಿಡಿದು ಕಾಡು ಸುತ್ತಿದ. ಪ್ರಸೇನನನ್ನು ಸಿಂಹ ಕೊಂದಿತ್ತು, ಸಿಂಹವನ್ನು ಜಾಂಬವಂತ ಕೊಂದಿದ್ದ, ಮಣಿ ಅವನ ಗುಹೆಯಲ್ಲಿತ್ತು. ಒಳಗೆ 28 ದಿನ ಕಾದಾಟ. ಜೊತೆಗೆ ಹೋದವರು 12 ದಿನ ಕಾದು ಊರಿಗೆ ಮರಳಿದರು. ಇಷ್ಟು ಪಟ್ಟು ತಂದ ಮಣಿಯನ್ನು ಕೃಷ್ಣ ತಾನಿಟ್ಟುಕೊಂಡನೇ? ಸಭೆ ಕರೆಸಿ ಎಲ್ಲರ ಎದುರಿಗೆ ಸತ್ರಾಜಿತನಿಗೆ ಕೊಟ್ಟ. ಅವನು ಹೊರಟದ್ದು ಮಣಿಗಲ್ಲ, ಮೈಮೇಲೆ ಬಿದ್ದ ಮಾತನ್ನು ಒರೆಸಿಕೊಳ್ಳುವುದಕ್ಕೆ.

ಸಿಕ್ಕ ಮೇಲೆ ಸತ್ರಾಜಿತ ಸುಖವಾಗಿದ್ದನೇ ಅಂದರೆ ಅದೂ ಇಲ್ಲ. ಅದೇ ಮಣಿಗಾಗಿ ಶತಧನ್ವ ಮಲಗಿದ್ದವನನ್ನು ಕೊಂದ.

ನಿಮ್ಮ ಮನೆಗೆ ಬರುತ್ತಿದ್ದಾಕೆಗೆ ಕಾಡಿಗೆ ಹೋಗಿ ಹುಡುಕಿ ತರುವ ಶಕ್ತಿ ಇಲ್ಲ. ಮಾದಪ್ಪನ ಮೇಲೆ ಆಣೆ ಇಟ್ಟಿದ್ದಾಳೆ. ಆ ಸೀಮೆಯವರು ಆ ಹೆಸರನ್ನು ಸುಮ್ಮನೆ ಎತ್ತುವುದಿಲ್ಲ.

ಸುಮ್ನೆ ಹೇಳಿದೆ:

ಇನ್ಶೂರೆನ್ಸ್ ಇತ್ತಾ? ಇಲ್ಲಾಂದ್ರೆ ಮಂತ್ರ ಗಿಂತ್ರ ಬಿಟ್ಟು ಹೊಸದು ಮಾಡಿಸಿ. ಚಿನ್ನ ದಿನಾ ಏರ್ತಿದೆ.

ನಗರ್ತಪೇಟೆ ಕುಲುಮೆ:

ಅಕ್ಕ, ನಮ್ಮದು ಮೂರು ತಲೆಮಾರಿನಿಂದ ಚಿನ್ನದ ಕೆಲಸ. ದೇವರ ವಿಷಯ ಹಿರಿಯರು ಹೇಳಿದ್ದಾರೆ, ನಾನು ಬಚ್ಚಲ ವಿಷಯ ಹೇಳ್ತೀನಿ.

ಅಪರಂಜಿ ಚಿನ್ನ ನೀರಿಗಿಂತ 19 ಪಟ್ಟು ಭಾರ. ಒಡವೆಯ ಚಿನ್ನ ಸ್ವಲ್ಪ ಕಮ್ಮಿ, ಆದ್ರೂ ಭಾರಾನೇ. ಕಸ, ಕೂದಲು ಹರಿದು ಹೋದ ಹಾಗೆ ಅದು ಸುಲಭವಾಗಿ ಹರಿದು ಹೋಗಲ್ಲ. ಬಚ್ಚಲ ಜಾಲರಿ ಎತ್ತಿದರೆ ಕೆಳಗೆ ಸದಾ ನೀರು ನಿಂತಿರೋ ಗುಂಡಿ ಇರುತ್ತೆ, ಪ್ಲಂಬರ್‌ಗಳು ನಹನಿ ಟ್ರ್ಯಾಪ್ ಅಂತಾರೆ. ತಳದ ಕೆಸರನ್ನ ಕೈಯಲ್ಲೇ ಬಾಚಿಸಿ. ಆಸಿಡ್ ಗೀಸಿಡ್ ಸುರಿಯೋದು ಬೇಡ. ವಾಷ್ ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್ ಕೂಡ ಬಿಚ್ಚಿಸಿ.

ಇನ್ನೊಂದು ಜಾಗ ಯಾರೂ ನೋಡಲ್ಲ: ಸೀರೆಯ ಫಾಲ್ಸ್. ಹೊಲಿಗೆ ಒಂದು ಕಡೆ ಬಿಟ್ಟಿದ್ದರೆ ಒಳಗೆ ಜಾರಿ ಕೂತಿರುತ್ತೆ, ಎಷ್ಟು ಒಗೆದರೂ ಬರಲ್ಲ. ಬೆರಳಲ್ಲಿ ಉದ್ದಕ್ಕೂ ಸವರಿ ನೋಡಿ. ಸ್ಕ್ಯಾನ್ ಫಿಲ್ಮ್ ಕೊಟ್ಟ ದೊಡ್ಡ ಕವರ್ ತಲೆಕೆಳಗು ಮಾಡಿ. ಸೀರೆ ಹಾಕಿದ್ದ ಚೀಲದ ಮೂಲೆ ನೋಡಿ. ಆಸ್ಪತ್ರೆಯ ಸೆಕ್ಯೂರಿಟಿ ಹತ್ತಿರ ಸಿಕ್ಕಿದ ವಸ್ತು ಬರೆದಿಡೋ ಪುಸ್ತಕ ಇರುತ್ತೆ, ದಿನಾಂಕ ಹೇಳಿ ಕೇಳಿ.

ತಿಂಗಳುಗಳಾದವು, ಇನ್ನೆಲ್ಲಿ ಅನ್ನಬೇಡಿ. ನಮ್ಮ ಬೀದೀಲಿ ಅಂಗಡಿ ಮುಂದಿನ ಧೂಳು ಗುಡಿಸಿಕೊಂಡು ಹೋಗಿ, ತೊಳೆದು, ಅದರಲ್ಲಿರೋ ಚಿನ್ನದ ಪುಡಿ ತೆಗೆದು ಸಂಸಾರ ಸಾಗಿಸೋರು ಇದ್ದಾರೆ. ಕಣ್ಣಿಗೇ ಕಾಣದ್ದು ಅವರಿಗೆ ಸಿಗುತ್ತೆ. ನಿಮ್ಮದು ಏಳು ಕಲ್ಲಿಂದು.

ಲಗ್ಗೆರೆ ಹುಡುಗ:

ನಾನು ಉತ್ತರ ಹೇಳೋಕೆ ಬಂದಿಲ್ಲ. ಆಯಮ್ಮನ ಕಡೆಯಿಂದ ಒಂದ್ ಮಾತು.

ನಮ್ಮವ್ವ ರಾಜಾಜಿನಗರದಲ್ಲಿ ಮನೆಕೆಲಸ ಮಾಡಿ ನನ್ನ ಓದಿಸಿದ್ದು. ಒಂದು ಮನೇಲಿ ಮಗೂದು ಬೆಳ್ಳಿ ಉಡಿದಾರ ಕಾಣ್ಲಿಲ್ಲ. ಬೈಲಿಲ್ಲ, ಹೊಡೀಲಿಲ್ಲ. ಇವರ ಮನೇಲಿ ಆದ ಹಂಗೇ, ಹಿಂದೆ ಹಿಂದೆ ಬಂದ್ರು ಅಷ್ಟೆ. ಅವ್ವ ಬಿಟ್ರು. ಅದೇ ಬೀದೀಲಿ ಬೇರೆ ಮನೆಗಳೂ ಹೋದ್ವು, ಯಾರೂ ಕಾರಣ ಹೇಳ್ಲಿಲ್ಲ, "ನಾವೇ ಮಾಡ್ಕೋತೀವಿ ಕಣಮ್ಮ" ಅಂದ್ರು. ಆ ವರ್ಷ ನನ್ನ ಸ್ಕೂಲ್ ಫೀಸ್ ಕಟ್ಟಿದ್ದು ನಮ್ಮ ಸೋದರಮಾವ.

ಎಷ್ಟೋ ಕಾಲ ಆದ್ಮೇಲೆ ಆ ಮನೆಯಾಕೆ ತರಕಾರಿ ಅಂಗಡೀಲಿ ಸಿಕ್ಕಿ, "ಅಯ್ಯೋ, ಅದು ತೊಟ್ಟಿಲು ಬಟ್ಟೆ ಸಂದೀಲೇ ಇತ್ತು ಕಣೆ" ಅಂತ ನಗ್ತಾ ಹೇಳಿದ್ರಂತೆ. ಸಿಕ್ಕಿದ್ದು ಯಾವಾಗ ಅಂದ್ರೆ, ಅವ್ವ ಬಿಟ್ಟ ವಾರದಲ್ಲೇ. ಹೇಳ್ಕಳಿಸ್ಬೋದಿತ್ತು. ಉಡಿದಾರ ಸಿಕ್ತಲ್ಲ, ಅವರ ಪಾಲಿಗೆ ವಿಷಯ ಮುಗೀತು.

ಈಗ ಅವ್ವ ಕೆಲಸಕ್ಕೆ ಹೋಗಲ್ಲ. ಆದ್ರೂ ಇವತ್ತಿಗೂ ಯಾರ ಮನೆಗೆ ಹೋದ್ರೂ, ನೆಂಟರ ಮನೆ ಆದ್ರೂ, ಕೈಚೀಲಾನ ಹೊರಗೆ ಚಪ್ಪಲಿ ಪಕ್ಕ ಇಟ್ಟು ಒಳಗೆ ಹೋಗ್ತಾರೆ. ನಾನು ಎತ್ಕೊಂಡು ಬಂದ್ರೆ ಬೈತಾರೆ.

ಮೂಗುಬಟ್ಟು ಸಿಗೋವರ್ಗೂ ಕಾಯ್ಬೇಡಿ ಮೇಡಂ, ಆಯಮ್ಮಂಗೆ ಫೋನ್ ಮಾಡೋಕೆ.

ಮಂಗಳವಾರದ ನವೇನ:

ನಾನು ಹೊಸೂರು ರಸ್ತೆಯ ಸಂತ ಅಂತೋಣಿಯವರ ಚರ್ಚಿಗೆ ಮಂಗಳವಾರ ಹೋಗುವವಳು. ಕಳೆದದ್ದಕ್ಕೆ ನಾವು ಅವರನ್ನೇ ಕೇಳೋದು. ಯಾಕೆ ಅವರನ್ನೇ ಅಂದರೆ ಒಂದು ಕಥೆ ಇದೆ. ಅವರು ತಮ್ಮ ಕೈಯಲ್ಲೇ ಟಿಪ್ಪಣಿ ಬರೆದುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠದಲ್ಲಿದ್ದ ಹುಡುಗನೊಬ್ಬ ಎತ್ತಿಕೊಂಡು ಓಡಿಹೋದ. ಅಚ್ಚಿನ ಕಾಲವಲ್ಲ (ಅವರು ತೀರಿಕೊಂಡದ್ದೇ 1231ರಲ್ಲಿ), ಒಂದು ಪುಸ್ತಕ ಅಂದರೆ ದೊಡ್ಡ ಆಸ್ತಿ. ಅಂತೋಣಿಯವರು ಪ್ರಾರ್ಥಿಸಿದರು. ಪುಸ್ತಕ ಬಂತು. ಹುಡುಗನೂ ಬಂದ, ಮತ್ತೆ ಮಠಕ್ಕೇ ಸೇರಿದ. ನಮ್ಮಜ್ಜಿ ಈ ಕಥೆ ಹೇಳುವಾಗ ಪುಸ್ತಕದ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಹುಡುಗ ಬಂದನಲ್ಲ ಅನ್ನೋದೇ ಅವರಿಗೆ ಸಂಭ್ರಮ.

ನಿಮ್ಮ ಮುಡಿಪಿನ ಹಾಗೆ ನಮ್ಮಲ್ಲಿ ಅಂತೋಣಿಯವರ ರೊಟ್ಟಿ ಅಂತ ಇದೆ, ಬಡವರಿಗೆ ಕೊಡೋದು. ಸಿಕ್ಕರೆ ಕೊಡ್ತೀನಿ ಅಂತ ಹರಸಿಕೊಳ್ಳುವವರೇ ಜಾಸ್ತಿ. ಅಜ್ಜಿ ಮಾತ್ರ ಹುಡುಕೋಕೆ ಮುಂಚೆಯೇ ಕೊಟ್ಟುಬಿಡೋರು. "ಸಂತರ ಜೊತೆ ಚೌಕಾಸಿ ಏನು?" ಅನ್ನೋರು.

ಹನುಮಂತನಗರದವಳು:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ, ಇನ್ಶೂರೆನ್ಸ್ ಒಂದು ಬಿಟ್ಟು.

ರಾಯರೇ, ಸ್ಯಮಂತಕಕ್ಕೆ ಅಮ್ಮ ಸಿಟ್ಟಾದರು. "ಪ್ರತಿ ಚೌತಿಗೂ ಆ ಕಥೆ ನಾನೇ ಹೇಳೋದು, ನನಗೇ ಹೇಳಿಕೊಡ್ತಾರಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಶತಧನ್ವನ ಭಾಗ ತಾವು ಯಾವತ್ತೂ ಹೇಳಿದ್ದಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಮಕ್ಕಳಿಗೆ ಕಡುಬಿನ ಮೇಲೆ ಕಣ್ಣು ಅಂದರು. ಮುಡಿಪನ್ನು ಮಾತ್ರ ಈಗ ಕಳಿಸುವುದಿಲ್ಲವಂತೆ. ಸಿಕ್ಕ ಮೇಲೆ ತಾವೇ ಹೊತ್ತುಕೊಂಡು ಹೋಗುತ್ತಾರಂತೆ. ಈ ಸೊಂಟದಲ್ಲಿ ಹೇಗೆ ಅಂತ ನಾನು ಕೇಳಲಿಲ್ಲ. ಅಂತೋಣಿಯವರ ಕಥೆಯಲ್ಲಿ ಆ ಹುಡುಗನಿಗೆ ಊಟಕ್ಕೆ ಹಾಕಿದರೋ ಇಲ್ಲವೋ ಅಂತ ಅಮ್ಮನ ಪ್ರಶ್ನೆ, ಗೊತ್ತಿದ್ದರೆ ಹೇಳಿ.

ಫಾಲ್ಸ್ ಬಿಚ್ಚಿ ನೋಡಿದೆ, ಇಲ್ಲ. ಕವರು, ಚೀಲ, ಇಲ್ಲ. ಆಸ್ಪತ್ರೆಯಲ್ಲಿ ಪುಸ್ತಕ ತೆಗೆದು ತೋರಿಸಿದರು, ಒಂದು ಕನ್ನಡಕ, ಒಂದು ಟಿಫನ್ ಕ್ಯಾರಿಯರ್ ಇತ್ತು.

ಲಗ್ಗೆರೆಯವರೇ, ನೀವು ಬರೆದದ್ದನ್ನು ಓದಿದಾಗ ಅಮ್ಮ ಕೇಳಿದ್ದು ಒಂದೇ: "ನೆಂಟರ ಮನೆಗೂ ಹೊರಗೇ ಇಡ್ತಾರಾ?" ಮಾರನೇ ದಿನ ತಾವಾಗಿಯೇ ನನ್ನ ಫೋನು ಕೇಳಿದರು. ಮೂಗುಬಟ್ಟಿನ ಮಾತು ಎತ್ತಲಿಲ್ಲ, ತಪ್ಪಾಯ್ತು ಅಂತಲೂ ಅನ್ನಲಿಲ್ಲ. ನಮ್ಮಮ್ಮನ ಬಾಯಿಂದ ಅದು ಬರುವುದು ಕಷ್ಟ. "ಯುಗಾದಿ ಸೀರೆ ತೆಗೆದಿಟ್ಟಿದ್ದೀನಿ, ಯಾವಾಗ ಬರ್ತೀಯಾ?" ಅಂದರು. ಆಕೆ ಬೇರೆ ಮನೆ ಹಿಡಿದಿದ್ದಾಳೆ, ಬೆಳಗ್ಗೆ ಆಗಲ್ಲ, ಹನ್ನೆರಡರ ಮೇಲೆ ಬರಬಹುದು, ಆದರೆ ತಿಂಗಳಿಗೆ ಐನೂರು ಜಾಸ್ತಿ ಆಗುತ್ತೆ ಅಂದಳು. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಮ್ಮಮ್ಮ "ಆಗಲಿ" ಅಂದರು. ದೇವರ ಮನೆಯ ಬೀಗ ತೆಗೆದು ನನ್ನ ಕೈಗೆ ಕೊಟ್ಟಿದ್ದಾರೆ, ಸ್ಕೂಟರಿನ ಡಿಕ್ಕಿಗೆ ಹಾಕಿಕೋ ಅಂತ.

ಬಚ್ಚಲ ಗುಂಡಿ ನೋಡುವುದಕ್ಕೆ ಪ್ಲಂಬರ್ ಭಾನುವಾರ ಬರುತ್ತಾನೆ.

ನಗರ್ತಪೇಟೆ ಕುಲುಮೆ:

ಅಕ್ಕ, ತೆಗೆದ ಕೆಸರನ್ನ ಅವನು ಚರಂಡಿಗೆ ಚೆಲ್ಲೋಕೆ ಮುಂಚೆ ಬಕೆಟ್‌ಗೆ ಹಾಕಿಸ್ಕೊಳ್ಳಿ. ಹಿಟ್ಟಿನ ಜರಡಿ ಬೇಡ, ಹಳೇ ಮಲ್ಲು ಪಂಚೇಲಿ ಸೋಸಿ. ತಿರುಪು ಬೇರೆ, ಬಟ್ಟು ಬೇರೆ ಇರುತ್ತೆ, ಒಂದು ಸಿಕ್ಕಿದ ತಕ್ಷಣ ನಿಲ್ಲಿಸಬೇಡಿ.