ಸಹಿ ಹಾಕಿದ್ದು ಅಧ್ಯಕ್ಷರು, ಒಲ್ಲೆ ಎಂದದ್ದು ಸೆನೆಟ್: ಇದು ಹೇಗೆ?

ಪ್ರಶ್ನೆ:
ಮಗಳಿಗೆ ಇತಿಹಾಸ ಹೇಳಿಕೊಡಲು ಕೂತು ನಾನೇ ಸಿಕ್ಕಿಬಿದ್ದೆ. ಯುದ್ಧ ತಡೆಯಲು ದೇಶಗಳು ಕೂಡಿ ಕಟ್ಟಿದ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಬೇಕೆಂದು ಪಟ್ಟು ಹಿಡಿದವರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ಮೊದಲ ಮಹಾಯುದ್ಧದ ನಂತರ, ಆ ಸಂಘದ ನಿಯಮಗಳನ್ನೂ ಒಳಗೊಂಡ ವರ್ಸೈಲ್ಸ್ ಶಾಂತಿ ಒಪ್ಪಂದಕ್ಕೆ 1919ರಲ್ಲಿ ಸಹಿ ಹಾಕಿದವರೂ ಅವರೇ. ಆದರೂ ಅಮೆರಿಕ ಸಂಘಕ್ಕೆ ಸೇರಲೇ ಇಲ್ಲ. ಏಕೆ?

ಉತ್ತರ 1:
ಸೆನೆಟ್ ಎಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ. ಹಾಜರಿರುವ ಸೆನೆಟರುಗಳಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪದೆ ಅಲ್ಲಿ ಒಪ್ಪಂದ ಊರ್ಜಿತವಾಗದು. 1920ರ ಮಾರ್ಚ್ 19ರಂದು ಪರ 49, ವಿರುದ್ಧ 35 ಮತ ಬಿದ್ದವು. ಬೇಕಿದ್ದದ್ದು 56.

ಉತ್ತರ 2:
ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಈ ಕಥೆಯನ್ನು ವಿಲ್ಸನ್‌ರಿಂದ ಶುರು ಮಾಡಿದರೆ ನನಗೆ ಸಮಾಧಾನವಿಲ್ಲ. ಸಂವಿಧಾನ ಹೇಳುವುದು ಸೆನೆಟ್ಟಿನ 'ಸಲಹೆ ಮತ್ತು ಸಮ್ಮತಿ' ಎಂದು. ಆ ಸಲಹೆ ಕೇಳಲು ಜಾರ್ಜ್ ವಾಷಿಂಗ್ಟನ್ 1789ರ ಆಗಸ್ಟ್ 22ರಂದು ನ್ಯೂಯಾರ್ಕಿನಲ್ಲಿ ಖುದ್ದಾಗಿ ಸೆನೆಟ್ಟಿಗೆ ಹೋದರು. ದಕ್ಷಿಣದ ಮೂಲನಿವಾಸಿ ಬುಡಕಟ್ಟುಗಳ ಜೊತೆಗಿನ ಒಪ್ಪಂದದ ವಿಷಯ. ಉಪಾಧ್ಯಕ್ಷ ಜಾನ್ ಆಡಮ್ಸ್ ಕಾಗದ ಓದಿದರು; ಬೀದಿಯ ಗಾಡಿಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕಿಟಕಿ ಮುಚ್ಚಿಸಿ ಮತ್ತೊಮ್ಮೆ ಓದಿಸಿದರು. ಅಷ್ಟಾದ ಮೇಲೆ ಸದಸ್ಯರು, ಸಮಿತಿಗೆ ಒಪ್ಪಿಸೋಣ ಎನ್ನಬೇಕೇ! ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತು. ಸೋಮವಾರ ಮತ್ತೆ ಬಂದು ಕೆಲಸ ಮುಗಿಸಿಕೊಂಡರು, ನಿಜ. ಆಮೇಲೆ ಹೀಗೆ ಸಲಹೆ ಕೇಳಲು ಅತ್ತ ತಲೆ ಹಾಕಲಿಲ್ಲ. ಕ್ರಮೇಣ 'ಸಲಹೆ' ಕಾಗದದಲ್ಲೇ ಉಳಿದು, ಚಲಾವಣೆಗೆ ಬಂದದ್ದು 'ಸಮ್ಮತಿ' ಮಾತ್ರ.

ವಿಲ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1918ರ ನವೆಂಬರ್ ಚುನಾವಣೆಯಲ್ಲಿ ಸೆನೆಟ್ ರಿಪಬ್ಲಿಕನ್ನರ ಕೈಸೇರಿತ್ತು. ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿಗೆ ಹಡಗು ಹತ್ತಿದಾಗ ನಿಯೋಗದಲ್ಲಿ ಒಬ್ಬನೇ ಒಬ್ಬ ಸೆನೆಟರ್ ಇರಲಿಲ್ಲ. ಮದುವೆ ಮಾತುಕತೆಗೆ ಕರೆಯದ ದಾಯಾದಿಗಳು ಧಾರೆಯ ದಿನ ಸುಮ್ಮನಿರುತ್ತಾರೆಯೇ?

ಪ್ರಶ್ನೆ ಕೇಳಿದವರು:
ಹಾಗಾದರೆ ಒಪ್ಪಂದ ಕೆಡಿಸಿದ್ದು ರಿಪಬ್ಲಿಕನ್ ನಾಯಕ ಹೆನ್ರಿ ಕ್ಯಾಬಟ್ ಲಾಡ್ಜ್ ಎಂದು ಬರೆಸಲೇ?

ಉತ್ತರ 2:
ಬೇಡ, ಅದು ಅರ್ಧ ಸತ್ಯ. ಲಾಡ್ಜ್ ವಿದೇಶಾಂಗ ಸಮಿತಿಯಲ್ಲಿ ಒಪ್ಪಂದವನ್ನು ಪೂರ್ತಿ ಗಟ್ಟಿಯಾಗಿ ಓದಿಯೇ ಎರಡು ವಾರ ಕಳೆದರು, ಷರತ್ತುಗಳನ್ನೂ ಅಂಟಿಸಿದರು. ಆದರೆ ಮಾರ್ಚ್‌ನಲ್ಲಿ ಮತಕ್ಕೆ ಬಂದದ್ದು ಆ ಷರತ್ತುಗಳಿದ್ದ ಒಪ್ಪಂದವೇ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ವಿಲ್ಸನ್, ಅದನ್ನು ಒಪ್ಪಬೇಡಿ ಎಂದು ತಮ್ಮ ಪಕ್ಷದವರಿಗೆ ಹೇಳಿದ್ದರು. ವಿರುದ್ಧ ಬಿದ್ದ 35 ಮತಗಳಲ್ಲಿ 23 ಅವರದೇ ಡೆಮಾಕ್ರಟರವು. ಏಳು ಮಂದಿ ಈಚೆಗೆ ವಾಲಿದ್ದರೂ ಸಾಕಿತ್ತು. ಮಗಳಿಗೆ ಈ ಲೆಕ್ಕವನ್ನೇ ಮಾಡಲು ಹೇಳಿ.