ದಟ್ಟ ಕೂದಲು, ಆದ್ರೆ ಚಪ್ಪಟೆ. ಗುಂಗುರು ವಾಪಸ್ ಬರತ್ತಾ? (ಮಂಡ್ಯ, ಬೋರ್‌ವೆಲ್ ನೀರು)

ದಟ್ಟಜಡೆ_ಮಂಡ್ಯ
ಎಳೆ ದಪ್ಪ, ಕೂದಲೂ ದಟ್ಟ. ಉದ್ದ ಸೊಂಟದಿಂದ ಒಂದು ಗೇಣು ಮೇಲೆ. ಮೊದಲು ಗುಂಗುರಿತ್ತು, ಈಗ ನೆತ್ತಿ ಮೇಲೆ ಅಂಟಿಕೊಂಡು ಮಲಗಿರತ್ತೆ, ಕೆಳಗೆ ಪೊರಕೆ. ವಾರಕ್ಕೆರಡು ಸಲ ತಲೆಸ್ನಾನ, ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ಒಣಗಿದ ಮೇಲೆ ಸೀರಮ್. ಜೆಲ್ ಹಾಕಿದ್ರೆ ಬಿಳಿ ಪುಡಿ ಉದುರತ್ತೆ. ಬೆಳಿಗ್ಗೆ 8ಕ್ಕೆ ಬಸ್ಸು, ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡೋಕಾಗಲ್ಲ. ಎಲ್ಲಿಂದ ಶುರು ಮಾಡ್ಲಿ?

ಬೆಂಚು_ಕೆಮಿಸ್ಟ್
ಆ ಬಿಳಿ ಪುಡಿಯಿಂದಲೇ ಶುರು ಮಾಡಿ. ತಪ್ಪು ಜೆಲ್‌ದಲ್ಲ. ಸೀರಮ್‌ನಲ್ಲಿ ಸಿಲಿಕೋನ್ ಇರತ್ತೆ, ಬಾಟಲಿ ಹಿಂದೆ ಡೈಮೆಥಿಕೋನ್ ಅಂತ ಬರೆದಿರ್ತಾರೆ. ಆ ಪದರದ ಮೇಲೆ ನೀರಿನ ಜೆಲ್ ಸರಿಯಾಗಿ ಹಿಡಿಯಲ್ಲ, ಒಣಗಿ ಉದುರತ್ತೆ. ಅದರ ಅಡಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಬೇರೆ ಕೂತಿರಬಹುದು.

ನೀರು ಎಷ್ಟು ಗಡಸು ಅಂತ ನೋಡೋದು ಸುಲಭ. ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ನಿಮ್ಮ ಬೋರ್ ನೀರು, ಇನ್ನೊಂದಕ್ಕೆ ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿಯೋ ನೀರು. ಎರಡೂ ಅರ್ಧರ್ಧ. ಕಡಲೆಕಾಳಿನಷ್ಟು ಮೈಸೋಪು ತುರಿದು ಹಾಕಿ, ಇಪ್ಪತ್ತು ಸಲ ಕುಲುಕಿ. ಬೋರ್ ನೀರಲ್ಲಿ ನೊರೆ ಬರದೆ ಮೊಸರೊಡೆದ ಹಾಗೆ ಚೂರುಚೂರಾದ್ರೆ ಗಡಸು ಅಂತ ತಿಳ್ಕೊಳ್ಳಿ. ಬಟ್ಟೆ ಪೌಡರ್ ಹಾಕಿ ನೋಡಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಡತ್ತೆ.

ಆಮೇಲೆ ಒಂದು ಸಲ ಪೂರ್ತಿ ಕ್ಲೀನ್ ವಾಶ್. ಇಡಿಟಿಎ (ನೀರಿನ ಸುಣ್ಣ ಹಿಡಿಯೋ ರಾಸಾಯನಿಕ) ಇರೋ, 'ಗಡಸು ನೀರಿಗೆ' ಅಂತ ಮಾರೋ ಶಾಂಪೂ 10 ಮಿಲಿ, ಒಂದು ಲೋಟ ನೀರಿಗೆ ಕಲಸಿ ಬುಡಕ್ಕೆ ಹಾಕಿ ತೊಳೀರಿ. ಎರಡನೇ ಸಲ ಅಷ್ಟೇ ಅಳತೆ, ಈ ಸಲ ತುದಿವರೆಗೂ ಹಚ್ಚಿ 4 ನಿಮಿಷ ಬಿಡಿ. ಇಡಿಟಿಎ ಕ್ಯಾಲ್ಸಿಯಂನ ಹಿಡ್ಕೊಂಡು ನೀರಿನ ಜೊತೆ ಹೋಗೋಕೆ ಆ ಸಮಯ ಬೇಕು. ಆಮೇಲೆ ಕಂಡೀಷನರ್ ಕಡ್ಡಾಯ, ಕೊನೇ ಎರಡು ಚೊಂಬು ಘಟಕದ ನೀರು. ಇದನ್ನ ತಿಂಗಳಿಗೊಂದು ಸಲ ಮಾಡಿದ್ರೆ ಸಾಕು, ವಾರವಾರ ಮಾಡಿದ್ರೆ ಕೂದಲು ತೆಂಗಿನ ನಾರು.

ಸೀರಮ್ ನಿಲ್ಲಿಸಿ. ಎಣ್ಣೆ ನಿಲ್ಲಿಸಬೇಡಿ, ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗೋದನ್ನ ಕಮ್ಮಿ ಮಾಡತ್ತೆ. ಎರಡು ಟೀ ಚಮಚ, ಸ್ನಾನಕ್ಕೆ ಎರಡು ಗಂಟೆ ಮುಂಚೆ, ಕಿವಿಯಿಂದ ಕೆಳಕ್ಕೆ ಮಾತ್ರ.

ಸೀಗೆಪುಡಿ
ಶಾಂಪೂನೇ ಬಿಟ್ಟು ಸೀಗೆಕಾಯಿಗೆ ಬಂದ್ರೆ ಆಗಲ್ವಾ? ನಿಂಬೆಹಣ್ಣು, ಅಡುಗೆ ಸೋಡಾ ಅಂತಾನೂ ಹೇಳ್ತಾರಲ್ಲ.

ಬೆಂಚು_ಕೆಮಿಸ್ಟ್
ಸೀಗೆಕಾಯಿ ಒಳ್ಳೇದೇ. ಅದರ ನೊರೆ ಕಾಯಲ್ಲೇ ಇರೋ ಸಪೋನಿನ್ ಅನ್ನೋ ಪದಾರ್ಥದ್ದು, ಸೋಪಿನ ಹಾಗೆ ಗಡಸು ನೀರಲ್ಲಿ ಒಡೆದು ಅಂಟಲ್ಲ. ಆದ್ರೆ ಪುಡಿ ಹಾಗೇ ಹಚ್ಚಿದ್ರೆ ಸುರುಳಿಯೊಳಗೆ ಸಿಕ್ಕಿಕೊಂಡು ಎರಡು ದಿನ ಉದುರ್ತಿರತ್ತೆ. ಕುದಿಸಿ, ಬಟ್ಟೇಲಿ ಸೋಸಿದ ನೀರು ಮಾತ್ರ ಹಾಕಿ. ಸಿಲಿಕೋನ್ ಕಿತ್ತು ತೆಗೆಯೋ ಕೆಲಸ ಅದರಿಂದ ಆಗಲ್ಲ, ಹಾಗಾಗಿ ಮೊದಲ ವಾಶ್‌ಗೆ ಶಾಂಪೂನೇ. ನಿಂಬೆರಸ ಲೀಟರಿಗೆ ಒಂದು ಟೀ ಚಮಚ ಮೀರಬಾರದು. ಅಡುಗೆ ಸೋಡಾ ತಲೆಗೆ ಬೇಡವೇ ಬೇಡ, ಕ್ಷಾರಕ್ಕೆ ಎಳೆಯ ಹೊರಪದರ ಬಿಚ್ಚಿ ಒರಟಾಗತ್ತೆ.

ದಟ್ಟಜಡೆ_ಮಂಡ್ಯ
ಬಾಟಲಿ ಟೆಸ್ಟ್‌ನಲ್ಲಿ ಬೋರ್ ನೀರು ಮೊಸರೇ. ವಾಶ್ ಆಯ್ತು. ವಿಚಿತ್ರ ಏನಂದ್ರೆ, ಬುಡದಿಂದ ಮುಕ್ಕಾಲು ಗೇಣಿನಷ್ಟು ಸುರುಳಿ ಕಾಣ್ತಿದೆ, ಅಲ್ಲಿಂದ ಕೆಳಗೆ ಹಗ್ಗ ಇಳಿಬಿಟ್ಟ ಹಾಗೆ ನೇರ. ಮುಟ್ಟಿದ್ರೂ ಎರಡೂ ಬೇರೆ ಬೇರೆ ಥರ ಇದೆ.

ಕತ್ತರಿ_ಬಾಚಣಿಗೆ
ಪಾರ್ಲರ್‌ನಲ್ಲಿ ಕೂದಲು ನೇರ ಮಾಡೋ ಸ್ಮೂತನಿಂಗ್ ಮಾಡಿಸಿದ್ರಾ? ಯಾವಾಗ? ಒಂದು ಕ್ರೀಮ್ ಹಾಕಿ, ತೊಳೆದು, ಐರನ್ ಮಾಡಿ, ಮತ್ತೆ ಎರಡನೇ ಕ್ರೀಮ್ ಹಾಕಿದ್ರಾ?

ದಟ್ಟಜಡೆ_ಮಂಡ್ಯ
ಹೂಂ, 14 ತಿಂಗಳಾಯ್ತು. ಎರಡು ಕ್ರೀಮ್. ಇಷ್ಟು ದಿನಕ್ಕೆ ಅದು ಹೋಗಿರತ್ತೆ ಅಂದ್ಕೊಂಡಿದ್ದೆ.

ಕತ್ತರಿ_ಬಾಚಣಿಗೆ
ಇದನ್ನ ಮೊದಲನೇ ಸಾಲಲ್ಲೇ ಹೇಳಬೇಕಿತ್ತು ಕಣ್ರೀ! ಹೋಗೋದು ಪಾರ್ಲರ್‌ನ ಕೆರಾಟಿನ್ ಟ್ರೀಟ್‌ಮೆಂಟ್. ಅದರಲ್ಲಿ ಎರಡನೇ ಕ್ರೀಮ್ ಇರಲ್ಲ, ಕೆಲವು ತಿಂಗಳಲ್ಲಿ ತೊಳೆದು ತೊಳೆದು ಇಳಿಯತ್ತೆ. ಸ್ಮೂತನಿಂಗ್ ಹಾಗಲ್ಲ. ಮೊದಲ ಕ್ರೀಮು ಎಳೆಯೊಳಗಿನ ಗಂಧಕದ ಬಂಧ ಬಿಚ್ಚತ್ತೆ, ಐರನ್ ನೇರ ಮಾಡತ್ತೆ, ಎರಡನೇದು ಆ ನೇರ ಆಕಾರದಲ್ಲೇ ಬಂಧ ಬೆಸೆಯತ್ತೆ. ಆ ಕೂದಲು ಇನ್ನು ಯಾವ ಎಣ್ಣೆಗೂ, ಯಾವ ಮಾಸ್ಕಿಗೂ ಗುಂಗುರಾಗಲ್ಲ. ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳವಣಿಗೆ ಅಂದ್ರೆ 14 ತಿಂಗಳಿಗೆ 17 ಸೆಂಟಿಮೀಟರ್. ನಿಮ್ಮ ಮುಕ್ಕಾಲು ಗೇಣು ಅದೇ. ಗುಂಗುರು ಎಲ್ಲೂ ಹೋಗಿಲ್ಲ, ಬುಡದಲ್ಲಿ ಬರ್ತಿದೆ. ಕೆಳಗಿನ ಉದ್ದ ನೇತಾಡಿ ಅದನ್ನ ಎಳೆದು ಚಪ್ಪಟೆ ಮಾಡ್ತಿದೆ.

ಭಾರ ಇಳಿಸಲೇಬೇಕು. ಒಂದೇ ಸಲಕ್ಕೆ ಮನಸ್ಸು ಬರದಿದ್ರೆ ಮೂರು ತಿಂಗಳಿಗೊಮ್ಮೆ 8–10 ಸೆಂಟಿಮೀಟರ್. ಕಟ್ ಮಾಡೋರಿಗೆ ಮೂರು ಮಾತು ಹೇಳಿ: ಉದ್ದ ಲೇಯರ್ ಬೇಕು, ಒಂದೇ ಮಟ್ಟ ಬೇಡ. ರೇಜರ್ ಬೇಡ. 'ದಟ್ಟ ಇದೆ' ಅಂತ ಹಲ್ಲಿನ ಕತ್ತರಿ ಹಾಕಿ ತೆಳ್ಳಗೆ ಮಾಡೋದಂತೂ ಬೇಡ. ಅದು ಮಾಡಿದ್ರೆ ಒಳಗಿನ ಗಿಡ್ಡ ಎಳೆಗಳು ಎದ್ದು ನಿಂತು ಒಂದು ತಿಂಗಳಿಗೇ ಹತ್ತಿಮೂಟೆ. ಸುರುಳಿ ಇರೋ ಭಾಗವನ್ನ ಒಣಗಿದ್ದಾಗಲೇ ಕತ್ತರಿಸಲಿ. ಒದ್ದೆಯಲ್ಲಿ ಉದ್ದ ಕಾಣತ್ತೆ, ಒಣಗಿದ ಮೇಲೆ ಮೇಲಕ್ಕೇರಿ ಕೂರತ್ತೆ.

ಎರಡು ಥರದ ಕೂದಲು ಸೇರೋ ಆ ಗೆರೆ ಇದೆಯಲ್ಲ, ಅಲ್ಲೇ ತುಂಡಾಗೋದು ಜಾಸ್ತಿ. ಒಣಕೂದಲಿಗೆ ಬಾಚಣಿಗೆ ಹಾಕಬೇಡಿ. ಕಂಡೀಷನರ್ ಇದ್ದಾಗ, ಅಗಲ ಹಲ್ಲಿನದ್ರಲ್ಲಿ, ತುದಿಯಿಂದ ಮೇಲಕ್ಕೆ.

ಅಗಸೆಕಾಳು
ಬಸ್ಸಿನ ಸಮಸ್ಯೆಗೆ: ತಲೆಸ್ನಾನ ಸಂಜೆ 5–6ಕ್ಕೆ ಹಾಕ್ಕೊಳ್ಳಿ, ಬೆಳಿಗ್ಗೆ ಕೆಲಸವೇ ಇರಲ್ಲ.

ಜೆಲ್ ಮನೇಲೇ ಮಾಡಿ. ಅಗಸೆ ಬೀಜ 2 ಟೇಬಲ್ ಚಮಚ, ನೀರು 400 ಮಿಲಿ, ಅದೂ ಘಟಕದ್ದೇ. ಮಧ್ಯಮ ಉರಿಯಲ್ಲಿ ಕೈಯಾಡಿಸ್ತಾ ಇರಿ. ಐದು ನಿಮಿಷಕ್ಕೆ ಬಿಳಿ ನೊರೆ ಏರತ್ತೆ, ಏಳೆಂಟಕ್ಕೆ ಸೌಟೆತ್ತಿದ್ರೆ ಮೊಟ್ಟೆಯ ಬಿಳಿ ಲೋಳೆ ಥರ ಎಳೆಎಳೆಯಾಗಿ ಇಳಿಯತ್ತೆ. ಆ ಕ್ಷಣ ಒಲೆ ಆರಿಸಿ, ಬಿಸಿ ಇರುವಾಗಲೇ ಹಳೇ ತೆಳು ಪಂಚೇಲಿ ಸೋಸಿ. ಆರಿದ್ರೆ ಬಟ್ಟೆಯಿಂದ ಕೆಳಗಿಳಿಯಲ್ಲ, ಇನ್ನೂ ಕುದಿಸಿದ್ರೆ ಬೀಜಾನೂ ಲೋಳೇನೂ ಒಂದೇ ಮುದ್ದೆ. ಫ್ರಿಜ್‌ನಲ್ಲಿ ಒಂದು ವಾರ ಇರತ್ತೆ. ಹುಳಿ ವಾಸನೆ ಬಂದ್ರೆ ಚೆಲ್ಲಿ.

ಕೂದಲಿಂದ ನೀರು ತೊಟ್ಟಿಕ್ಕುವಾಗಲೇ ಜೆಲ್ ಹಾಕಬೇಕು. ಇದೇ ಎಲ್ಲರೂ ತಪ್ಪೋ ಜಾಗ. ಒರೆಸಿ ಆಮೇಲೆ ಹಾಕಿದ್ರೆ ಸುರುಳಿ ಆಗಲೇ ಬಿಚ್ಚಿ ಕೆದರಿರತ್ತೆ. ಬಗ್ಗಿ ನಿಂತು, ದಟ್ಟ ಕೂದಲಿಗೆ 4 ಟೇಬಲ್ ಚಮಚ, ಅಂಗೈಯಲ್ಲಿ ತುದಿ ಹಿಡಿದು ಬುಡದ ಕಡೆ ಹಿಂಡ್ತಾ ಬನ್ನಿ. ಪಿಚಕ್ ಪಿಚಕ್ ಅಂತ ಸದ್ದು ಬರಬೇಕು. ಬರದಿದ್ರೆ ನೀರು ಕಮ್ಮಿ, ಅರ್ಧ ಚೊಂಬು ಸುರಿದು ಮತ್ತೆ ಹಿಂಡಿ. ಆಮೇಲೆ ಟರ್ಕಿ ಟವೆಲ್ ಬೇಡ, ಹಳೇ ಹತ್ತಿ ಬಟ್ಟೇಲಿ ಒತ್ತಿ ನೀರು ತೆಗೀರಿ.

ನೇರ ಇರೋ ಕೆಳಭಾಗಕ್ಕೆ: ಮುಕ್ಕಾಲು ಒಣಗಿದ ಮೇಲೆ, ಸುರುಳಿ ಮುಗಿಯೋ ಜಾಗದಿಂದ ಕೆಳಕ್ಕೆ ಸಡಿಲವಾಗಿ ನಾಲ್ಕು ಜಡೆ. ಒದ್ದೆ ಕೂದಲು ಒಣಗುವಾಗ ಯಾವ ಆಕಾರದಲ್ಲಿರತ್ತೋ ಅದನ್ನೇ ಹಿಡಿಯತ್ತೆ, ಮತ್ತೆ ನೆನೆಯೋ ತನಕ ಸುಮಾರಾಗಿ ನಿಲ್ಲತ್ತೆ. ದಿಂಬಿಗೆ ಹಳೇ ಮೈಸೂರು ಸಿಲ್ಕ್ ಸೀರೆಯ ಒಡಲಿನ ತುಂಡು ಸುತ್ತಿ, ಜರಿ ಇರೋ ಅಂಚು ಬೇಡ, ಕೂದಲು ಸಿಕ್ಕತ್ತೆ. ಬುಡ ಒದ್ದೆ ಇರುವಾಗ ಮಾತ್ರ ಮಲಗಬೇಡಿ. ಬೆಳಿಗ್ಗೆ ಜಡೆ ಬಿಚ್ಚಿ, ಗರಿಗರಿ ಅನ್ನೋದನ್ನ ಎರಡು ತೊಟ್ಟು ಎಣ್ಣೆ ಸವರಿದ ಕೈಯಲ್ಲಿ ಹಿಂಡಿ ಮೆತ್ತಗೆ ಮಾಡಿ. ಮೂರು ನಿಮಿಷ.

ದಟ್ಟಜಡೆ_ಮಂಡ್ಯ
12 ಸೆಂಟಿಮೀಟರ್ ತೆಗೆಸಿದೆ, ಜೆಲ್ಲೂ ಸರಿ ಬಂತು, ಪುಡಿ ಇಲ್ಲ. ಎರಡು ತೊಂದರೆ: ನೆತ್ತಿ ಇನ್ನೂ ಸ್ವಲ್ಪ ಮಲಗಿದೆ, ಮತ್ತೆ ಅದು ಎದ್ದು ನಿಲ್ಲಲಿ ಅಂತ ಒಣಗುವಾಗ ಬೈತಲೆ ಹತ್ತಿರ ಕ್ಲಿಪ್ ಹಾಕಿದ ಕಡೆ ಗುಳಿ.

ಕತ್ತರಿ_ಬಾಚಣಿಗೆ
ಗುಳಿ ಬರೋದು ಕ್ಲಿಪ್ ಅಡ್ಡ ಹಾಕಿದಾಗ. ನೆತ್ತಿ ಮೇಲೆ ಒಂದು ಎಳೆಕಟ್ಟು ನೇರ ಮೇಲಕ್ಕೆತ್ತಿ, ಬುಡ ಮಾತ್ರ ಹಿಡಿಯೋ ಹಾಗೆ ನಿಲ್ಲಿಸಿ ಹಾಕಿ. ಆರು ಚಿಕ್ಕ ಕ್ಲಿಪ್ ಸಾಕು. ಬುಡ ಪೂರ್ತಿ ಒಣಗೋ ತನಕ ತೆಗೀಬೇಡಿ, ದಟ್ಟ ಕೂದಲಿಗೆ ಎರಡು ಗಂಟೆ ಮೇಲೇ ಬೇಕು. ಬೈತಲೆ ಒಣಗಿದ ಮೇಲೆ ತೆಗೀರಿ, ಅದೂ ಅಂಕುಡೊಂಕಾಗಿ, ಬೆರಳಲ್ಲಿ. ಬಾಚಣಿಗೆಯಲ್ಲಿ ಗೆರೆ ಎಳೆದ ಹಾಗೆ ತೆಗೆದ್ರೆ ಎರಡು ಕಡೆಗೂ ಮಲಗತ್ತೆ.

ಅಗಸೆಕಾಳು
ಮಳೆಗಾಲದಲ್ಲಿ ಗ್ಲಿಸರಿನ್ ಇರೋ ಕ್ರೀಮ್ ಯಾವುದೂ ಮೇಲೆ ಹಚ್ಚಬೇಡಿ. ಗಾಳಿಯ ತೇವ ಎಳೆದು ಕೂದಲು ಉಬ್ಬತ್ತೆ. ಜೆಲ್ ಮಾತ್ರ ಸಾಕು, ಒಂದು ಚಮಚ ಹೆಚ್ಚಿಗೆ.