ನಗರ ಯೋಜನೆ ಓದಲು ಸಿವಿಲ್ ಪದವಿ ಸಾಕೇ?

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನಗೆ ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಆಸೆಯಿದೆ. ವಾಸ್ತುಶಿಲ್ಪ ಓದದವರಿಗೆ ಅದು ಕಷ್ಟವಾಗುವುದೇ?

ಉತ್ತರ 1: ಖಂಡಿತ ಇಲ್ಲ. ಎರಡು ವರ್ಷಗಳ ಎಂ.ಪ್ಲಾನ್ (ಯೋಜನೆಯ ಸ್ನಾತಕೋತ್ತರ ಪದವಿ) ತರಗತಿಗೆ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರೂ ಬರುತ್ತಾರೆ. ಓದಿನ ತಿರುಳಿರುವುದು ಸ್ಟುಡಿಯೋದಲ್ಲಿ: ಒಂದು ಊರಿನ ಜನಸಂಖ್ಯೆ, ಭೂಬಳಕೆ, ನೀರು, ಸಂಚಾರಗಳನ್ನು ಬೀದಿ ಬೀದಿ ಅಲೆದು ದಾಖಲಿಸಿ, ಮುಂದಿನ ದಶಕಗಳಿಗೆ ಯೋಜನೆ ರೂಪಿಸುವಾಗ ಇಳಿಜಾರು, ಒಳಚರಂಡಿಗಳ ಬಗೆಗಿನ ನಿಮ್ಮ ತಿಳಿವಳಿಕೆ ಬಹಳ ನೆರವಾಗುತ್ತದೆ.

ಉತ್ತರ 2: ಕಾನೂನನ್ನು ಮಾತ್ರ ಕಡೆಗಣಿಸಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ನೂ ನಗರಾಡಳಿತ ಸಂಸ್ಥೆಗಳಿಗೆ ಸಂಬಂಧಿಸಿದ ಸಂವಿಧಾನದ 74ನೆಯ ತಿದ್ದುಪಡಿಯನ್ನೂ ಈಗಲೇ ಓದಿಕೊಳ್ಳಿ; ಯಾವ ನಕ್ಷೆಗೆ ಯಾರ ಒಪ್ಪಿಗೆ ಬೇಕೆಂಬುದು ಅಲ್ಲಿಂದಲೇ ತಿಳಿಯುತ್ತದೆ.

ಉತ್ತರ 3: ದೆಹಲಿ, ಭೋಪಾಲ್, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಗೇಟ್ (ಎಂಜಿನಿಯರಿಂಗ್ ಮುಂತಾದ ವಿಷಯಗಳ ಸ್ನಾತಕೋತ್ತರ ಪ್ರವೇಶಕ್ಕಿರುವ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಮುಖ್ಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಇಂಥದ್ದೊಂದು ಶಾಲೆಯಿದೆ, ವಿಚಾರಿಸಿ.